ಹಿತ್ತಲಿನ ಗುಂಡಿ

ಕುರಿಯ ಒಂದು ಮೂಳೆ, ಅದಕ್ಕೆ ಸುತ್ತಿದ ಹತ್ತಿಬಟ್ಟೆ, ತಾಮ್ರದ ಬಳೆ, ಬಾಯಿ ಕಟ್ಟಿದ ಕುಡಿಕೆಯಲ್ಲಿ ಒಂದಿಷ್ಟು ಕಾಳು. ಹಿತ್ತಲಿನ ಗುಂಡಿಯಿಂದ ಮನೆಯೊಡತಿ ಸೌಟಿನ ಹಿಡಿಯಲ್ಲಿ ಮೀಟಿ ಮೇಲೆತ್ತಿದ್ದು ಇಷ್ಟು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಮಾಳಿಗೆಯ ಬಾಡಿಗೆಯವಳು ಮಾಟ ಮಾಡುತ್ತಿದ್ದಾಳೆ, ಅದೂ ಮನೆಯೊಡತಿಯ ಗಂಡನಿಗೆ.

ಗಾಳಿಯಲ್ಲಿ ಹುಟ್ಟಿದ ಅನುಮಾನವಲ್ಲ ಇದು. ಬಾಡಿಗೆಯವಳು ಪುರಾತತ್ವದವಳಂತೆ, ಎಲ್ಲೆಲ್ಲೋ ಹೋಗಿ ತಿಂಗಳುಗಟ್ಟಲೆ ಮಣ್ಣು ಅಗೆದು ಬರುವುದೇ ಕೆಲಸವಂತೆ. ಆಕೆ ಈ ಹಿತ್ತಲಲ್ಲಿ ಗುದ್ದಲಿ ಹಿಡಿದ ದಿನದಿಂದ ಗಂಡ ನೆಟ್ಟಗೆ ಊಟ ಮಾಡಿರಲಿಲ್ಲ. ಗಡಿಯಾರ ರಿಪೇರಿಯ ಅಂಗಡಿಯನ್ನು ಹೊತ್ತಿಗೆ ಮುಂಚೆ ಮುಚ್ಚಿ ಬಂದು ಅಡುಗೆಮನೆಯ ಕಿಟಕಿಗೆ ಅಂಟಿಕೊಂಡು ನಿಲ್ಲುತ್ತಿದ್ದ. ಈ ವಯಸ್ಸಿನಲ್ಲಿ ಇವನಿಗೇನು ಬಂತು ಎಂದು ಮೊದಲು ಮನೆಯೊಡತಿಗೆ ಮೈಯೆಲ್ಲ ಉರಿದಿತ್ತು. ಆಮೇಲೆ ಗಮನಿಸಿದರೆ, ಗಂಡನ ಕಣ್ಣಿದ್ದದ್ದು ಹೆಂಗಸಿನ ಮೇಲಲ್ಲ, ಗುಂಡಿಯ ಮೇಲೆ. ಆಗಲೇ ಅವಳಿಗೆ ನಿಜವಾದ ಭಯ ಹುಟ್ಟಿದ್ದು.

ನಂಬಿ ಕೆಟ್ಟವಳು ಅವಳು. ಓದಲೆಂದು ಬಂದು ಇದೇ ಮನೆಯಲ್ಲಿದ್ದ ಸ್ವಂತ ತಮ್ಮ ಅವಳ ಒಡವೆ ಪೆಟ್ಟಿಗೆ ಎತ್ತಿದ್ದ. ತಾನಲ್ಲ ಎಂದು ಅವನು ಅತ್ತಷ್ಟೂ ಅವಳಿಗೆ ಅನುಮಾನ ಗಟ್ಟಿಯಾಗಿತ್ತು. ಅವನ ಬಟ್ಟೆಯ ಗಂಟನ್ನು ಅವಳೇ ಬೀದಿಗೆ ಎಸೆದಿದ್ದಳು. ಎಷ್ಟೋ ವರ್ಷಗಳ ಮೇಲೆ ಅಮ್ಮ ಸತ್ತಾಗಲೂ ಹೆಣದ ಆಚೆ ಅವನು, ಈಚೆ ಇವಳು; ಒಂದು ಮಾತಿಲ್ಲ. ಬೆನ್ನಿಗೆ ಬಿದ್ದವನೇ ಹಾಗಾದ ಮೇಲೆ ಎಲ್ಲಿಂದಲೋ ಬಂದವಳನ್ನು ನಂಬುವುದುಂಟೆ?

"ಕೆಳಗೆ ಬನ್ನಿ ಸ್ವಲ್ಪ," ಎಂದು ಕೂಗಿದಳು.

ಪುರಾತತ್ವದವಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದಳು. ಮೂಳೆ ಕಂಡು ಅವಳ ಮುಖ ಸಣ್ಣದಾಯಿತು. "ತೆಗೆದುಬಿಟ್ರಾ? ಇನ್ನೂ ಆರು ತಿಂಗಳು ಮಣ್ಣಲ್ಲಿ ಇರಬೇಕಿತ್ತು ಅದು."

"ಆರು ತಿಂಗಳಲ್ಲಿ ನಮ್ಮನೆಯವರನ್ನ ಮುಗಿಸಬೇಕು ಅಂತಲಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾಳೋ ಎಂದು ಮನೆಯೊಡತಿ ದಿಟ್ಟಿಸಿದಳು. ಬಾಡಿಗೆಯವಳು ಹೆಗಲು ಮುಟ್ಟಿಕೊಳ್ಳಲಿಲ್ಲ, ನಕ್ಕುಬಿಟ್ಟಳು.

"ನಾವು ಸಾವಿರಾರು ವರ್ಷದ ಹಳೇ ಗೋರಿ ಅಗೀತೀವಿ. ಅಲ್ಲಿ ಬಟ್ಟೆ ಉಳಿದಿರಲ್ಲ. ಬಳೆ ಕರಗಿ ಮೂಳೆ ಮೇಲೆ ಒಂದು ಹಸಿರು ಕಲೆ ಇರುತ್ತೆ, ಅಷ್ಟೇ. ಹೊಸದನ್ನ ಹೂತು, ಹೇಗೆ ಕೊಳೆಯುತ್ತೆ ಅಂತ ನೋಡಿದ್ರೆ ಹಳೇದು ಅರ್ಥ ಆಗುತ್ತೆ."

"ಜಾಗ ಕೇಳಿದಾಗ ಗಿಡ ನೆಡೋಕೆ ಅಂದ್ಕೊಂಡೆ ನಾನು."

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ತಪ್ಪಾಯ್ತು."

ಅಷ್ಟರಲ್ಲಿ ಗಂಡ ಅಡುಗೆಮನೆಯ ಹೊಸಿಲಿಗೆ ಬಂದ. "ಅವರ ಪಾಡಿಗೆ ಅವರು ಮಾಡ್ಕೊಳ್ಳಲಿ. ಗುಂಡಿ ಮುಚ್ಚಿಬಿಡಿ ಸಾಕು."

ಅವನು ಆಕೆಯ ಪರ ವಹಿಸಿದ್ದೇ ತಡ, ಮನೆಯೊಡತಿಗೆ ಇನ್ನಷ್ಟು ಖಾತ್ರಿಯಾಯಿತು. ಮಾಟ ತಗುಲಿದವರು ಹೀಗೇ ಆಡುತ್ತಾರೆ. "ಮುಚ್ಚೋದಿಲ್ಲ. ಇನ್ನೂ ಏನೇನು ಹೂತಿದ್ದಾರೋ ನೋಡಬೇಕು," ಎಂದಳು.

"ನೋಡಿ, ನನ್ನದೇನೂ ಮುಚ್ಚುಮರೆ ಇಲ್ಲ," ಎಂದು ಪುರಾತತ್ವದವಳು ಕರಣೆ ತಂದು ಗುಂಡಿಗೆ ಇಳಿದಳು. ತೋರಿಸಲೆಂದು ಗುಂಡಿಯ ಗೋಡೆಯನ್ನು ಸವರಿ ನುಣುಪು ಮಾಡುತ್ತಿದ್ದವಳು ಒಂದು ಕಡೆ ಕೈ ನಿಲ್ಲಿಸಿದಳು. ಅಲ್ಲೇ ಮತ್ತೊಮ್ಮೆ ಸವರಿದಳು.

"ಇದನ್ನ ಅಗೆದದ್ದು ನಾನಲ್ಲ."

"ಮತ್ತಿನ್ಯಾರು?"

"ಬಣ್ಣ ನೋಡಿ. ಈ ಕಡೆ ಹಳದಿ ಮಣ್ಣು, ಗಟ್ಟಿ ಇದೆ. ಇಲ್ಲಿಂದ ಕಪ್ಪು, ಸಡಿಲ, ಇಟ್ಟಿಗೆ ಚೂರು ಬೆರೆತಿದೆ. ಯಾರೋ ಮುಂಚೆ ಅಗೆದು ಮುಚ್ಚಿದ್ದಾರೆ. ತುಂಬ ಹಿಂದೆ ಏನಲ್ಲ, ಪ್ಲಾಸ್ಟಿಕ್ ಇದೆ."

"ಅದನ್ನೂ ತೆಗೀರಿ."

"ಬೇಡ," ಎಂದ ಗಂಡ. ಮನೆಯೊಡತಿ ತಿರುಗಿಯೂ ನೋಡಲಿಲ್ಲ.

ಕರಣೆ ತಗಡಿಗೆ ತಾಕಿತು. ಪುರಾತತ್ವದವಳು ಟವೆಲನ್ನು ಪಕ್ಕಕ್ಕೆಸೆದು, ಸಣ್ಣ ಬ್ರಷ್ಷಿನಿಂದ ಮಣ್ಣು ಗುಡಿಸತೊಡಗಿದಳು. ಅವಸರವೇ ಇಲ್ಲದ ಕೈ. ತುಕ್ಕು ಹಿಡಿದ ಮುಚ್ಚಳದ ಮೂಲೆ ಕಂಡಿತು, ಅದರ ಮೇಲೆ ನೀಲಿ ಬಣ್ಣದ ಒಂದು ಚಕ್ಕೆ. ಮನೆಯೊಡತಿ ಸೀರೆಯ ಪರಿವೆಯಿಲ್ಲದೆ ಮಣ್ಣಿನಲ್ಲೇ ಮೊಣಕಾಲೂರಿದಳು. ಮದುವೆಯಲ್ಲಿ ಅಮ್ಮ ಕೊಟ್ಟ ಪೆಟ್ಟಿಗೆ. ಆ ನೀಲಿಯನ್ನು ಅವಳು ನಿದ್ದೆಯಲ್ಲೂ ಗುರುತಿಸುತ್ತಿದ್ದಳು.

"ಕಳ್ಳ," ಎಂದಳು, ಎಲ್ಲೋ ಇರುವ ತಮ್ಮನಿಗೆ. "ಇಲ್ಲೇ ಹೂತಿಟ್ಟು ಹೋಗಿದ್ದಾನೆ. ಆಮೇಲೆ ಬಂದು ಒಯ್ಯೋಣ ಅಂತ ಇದ್ದಿರಬೇಕು. ನಾನು ಹೊಸಿಲು ತುಳಿಯೋಕೆ ಬಿಟ್ಟಿದ್ರೆ ತಾನೆ?" ಕೋಪದ ಜೊತೆಗೇ ಅವಳಿಗೆ ಆಸೆಯೂ ಉಕ್ಕಿತು. "ಬೇಗ ತೆಗೀರಿ. ನನ್ನ ಒಡವೆ ಅದು. ನಾಲ್ಕೆಳೆ ಸರ ಇದೆ ಅದರಲ್ಲಿ, ನನ್ನ ಬಳೆಗಳಿವೆ."

"ತಾಳಿ. ಎಳೆದ್ರೆ ಮುಚ್ಚಳ ಪುಡಿಯಾಗುತ್ತೆ, ಒಳಗಿರೋದಕ್ಕೂ ಪೆಟ್ಟಾಗುತ್ತೆ. ಸಂಜೆವರೆಗಾದ್ರೂ ಬೇಕು ಇದಕ್ಕೆ."

ಹೊಸಿಲ ಮೇಲೆ ನಿಂತಿದ್ದ ಗಂಡ ಹತ್ತಿರ ಬರಲಿಲ್ಲ.

"ಅಷ್ಟು ಕಷ್ಟ ಯಾಕೆ ಪಡ್ತೀರಿ," ಎಂದ. "ಅದು ಖಾಲಿ."