ಹೊಸ ಮೂಗಿನ ಭಾವ

ಊರಲ್ಲಿ ಈಗ ಯಾರಿಗೂ ಕೆಟ್ಟ ವಾಸನೆ ಬರುವುದಿಲ್ಲ. ಮೂಗಿನೊಳಗೆ ಅಕ್ಕಿಕಾಳಿನಷ್ಟು ಚಿಪ್ ಕೂರಿಸಿಕೊಂಡರೆ ಚರಂಡಿಯೂ ಮಲ್ಲಿಗೆಯೇ. ನಾಗವೇಣಿ ಮಾತ್ರ ಹೆರಿಗೆಯಾದ ಮೇಲೆ ಅದನ್ನು ತೆಗೆಸಿಹಾಕಿದ್ದಳು. ಮಗುವಿನ ನೆತ್ತಿಯ ವಾಸನೆ ಅವಳಿಗೆ ಬೇಕಿತ್ತು.

ಅಂದು ಅಕ್ಕನ ಗಂಡ ಯಶೋಧರ ಅವಳನ್ನೂ ಮಗುವನ್ನೂ ಕಾರಿನಲ್ಲಿ ದಾವಣಗೆರೆಗೆ ಕರೆದೊಯ್ಯುತ್ತಿದ್ದ. ಹಿರಿಯೂರು ದಾಟುತ್ತಿದ್ದಂತೆ ಅವಳ ಮೂಗಿಗೆ ಘಾಟು ಬಡಿಯಿತು.

“ಭಾವ, ಏನೋ ಸುಡ್ತಿದೆ. ಗಾಡಿ ನಿಲ್ಸಿ.”

“ನಂಗೆ ಘಮಘಮ ಅಂತಿದೆಯಲ್ಲ! ಹಳೇ ಮೂಗು ಇಟ್ಕೊಂಡವರದ್ದು ಯಾವಾಗ್ಲೂ ಇದೇ ಗೋಳು,” ಎಂದು ಅವನು ನಕ್ಕು ಇನ್ನಷ್ಟು ಜೋರಾಗಿ ಓಡಿಸಿದ.

ಮುಂದಿನ ಸೀಟಿನಲ್ಲಿದ್ದ ಅವಳು ಎ.ಸಿ. ಆರಿಸಿದಳು. ವಾಸನೆ ಹೋಗಲಿಲ್ಲ. ಗಾಜು ಇಳಿಸಿದಾಗ ಹಿಂದಿನ ಚಕ್ರದ ಕಡೆಯಿಂದ ಇನ್ನೂ ಜೋರಾಗಿ ನುಗ್ಗಿತು. ಆ ಚಕ್ರದ ಮೇಲಿನ ಸೀಟಿನಲ್ಲೇ ಮಗು ಮಲಗಿತ್ತು. ಪಕ್ಕಕ್ಕೆ ನೋಡಿದರೆ ಹ್ಯಾಂಡ್‌ಬ್ರೇಕ್ ಅರ್ಧ ಎಳೆದೇ ಇತ್ತು.

“ಬ್ರೇಕ್ ಹಾಕ್ಕೊಂಡೇ ಇಷ್ಟು ದೂರ ಓಡ್ಸಿದೀರಲ್ಲ ಭಾವ! ನಿಲ್ಸಿ ಅಂದೆ!”

ಕಾರು ನಿಂತಿತು. ಅವಳು ಮಗುವನ್ನು ಎದೆಗೊತ್ತಿಕೊಂಡು ಇಳಿದಳು. ಚಕ್ರದಿಂದ ಹೊಗೆ ಏಳುತ್ತಿತ್ತು. ಯಶೋಧರ ಗಾಬರಿಯಿಂದ ನೀರಿನ ಬಾಟಲಿ ಹಿಡಿದು ಓಡಿಬಂದ.

“ನೀರು ಸುರೀಬೇಡಿ. ಕಾದ ಬ್ರೇಕು ಬಿರುಕು ಬಿಡುತ್ತೆ. ಹ್ಯಾಂಡ್‌ಬ್ರೇಕ್ ಇಳಿಸಿ, ತಾನಾಗೇ ತಣ್ಣಗಾಗ್ಲಿ.”

ಅವನು ಹೇಳಿದಂತೆ ಮಾಡಿ, ಕೆಮ್ಮುತ್ತ ಕಣ್ಣೊರೆಸಿಕೊಂಡು ನಿಂತ. ಹೊಗೆ ಆರಿ ಚಕ್ರ ತಣ್ಣಗಾದ ಮೇಲೆ ನಾಗವೇಣಿಯೇ ಸ್ಟೇರಿಂಗ್ ಮುಂದೆ ಕೂತಳು.

“ನಾನೆಲ್ಲಿ ಕೂರ್ಲಿ?” ಎಂದ ಯಶೋಧರ.

“ಹಿಂದೆ. ಮಗು ಈಗಷ್ಟೇ ಹೇತಿದೆ, ಬಟ್ಟೆ ಬದಲಾಯಿಸಿ. ನಿಮ್ಮ ಮೂಗಿಗೆ ತಕ್ಕ ಕೆಲಸ ಅದೊಂದೇ.”