ದಿಂಬಿನ ಜಾಗದಲ್ಲಿ

ನರ್ಸ್ ಕೈ ಚಾಚಿದರೂ ಅಜ್ಜಿ ದಿಂಬು ಕೊಡಲಿಲ್ಲ. ಮಲಗಿದಲ್ಲೇ ಮೈ ಹುಣ್ಣಾಗದಂತೆ ಅಜ್ಜಿಯ ಗಂಡನ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿ, ಬೆನ್ನು ಜಾರದಂತೆ ಹಿಂದೆ ಅದನ್ನು ಇಡಬೇಕು. ಇನ್ನು ಒಂದೆರಡು ದಿನ ಉಳಿದರೆ ಹೆಚ್ಚು ಎಂದು ಡಾಕ್ಟರ್ ಬೆಳಿಗ್ಗೆಯೇ ಹೇಳಿದ್ದರು.

"ನಲವತ್ತು ವರ್ಷ 'ಏನ್ ಗೊರಕೆ, ಆ ಕಡೆ ತಿರ್ಕೊಳ್ಳಿ' ಅಂತ ಬೈದವಳು ನಾನು, ಸಿಸ್ಟರಮ್ಮ," ಅಜ್ಜಿ ತಲೆ ತಗ್ಗಿಸಿದಳು. "ಆರು ತಿಂಗಳಾಯ್ತು, ಈ ಕುರ್ಚೀಲೇ ಕೂತು. ಒಂದ್ಸಲ ಪಕ್ಕದಲ್ಲಿ ಮಲಗೋಣ ಅನ್ಸುತ್ತೆ."

ನರ್ಸ್ ಅಜ್ಜನನ್ನು ಒಂದು ಗೇಣು ಆಚೆ ಸರಿಸಿದಳು. ದಿಂಬನ್ನು ಕಿತ್ತುಕೊಂಡು ಕುರ್ಚಿಯ ಮೇಲಿಟ್ಟಳು. "ಹತ್ತಿ ಅಜ್ಜಿ. ಇನ್ನೆರಡು ಗಂಟೆ ದಿಂಬಿನ ಕೆಲಸ ನಿಮ್ದು. ಡ್ಯೂಟೀಲಿ ನಿದ್ದೆ ಮಾಡಂಗಿಲ್ಲ, ಮತ್ತೆ!"

ಅಜ್ಜಿ ಚಪ್ಪಲಿ ಬಿಟ್ಟು ಮಂಚ ಹತ್ತಿ, ಗಂಡನ ಬೆನ್ನಿಗೆ ಎದೆಯಾನಿಸಿ ಮಲಗಿದಳು. ಬಿಗಿದುಕೊಂಡಿದ್ದ ಆ ಬೆನ್ನು ನಿಧಾನವಾಗಿ ಅವಳ ಮೇಲೆ ಭಾರ ಬಿಟ್ಟಿತು.