ಎರವಲು ಹಸಿವು

ಆಸ್ಪತ್ರೆಯ ಅಪೌಷ್ಟಿಕ ಮಕ್ಕಳ ವಾರ್ಡಿನಲ್ಲಿ, ಹಸಿವೇ ಸತ್ತುಹೋದ ಮಕ್ಕಳಿಗೆ ತಾಯಂದಿರು ತಮ್ಮ ಹಸಿವನ್ನು ಎರವಲು ಕೊಡುವ ಹೊತ್ತು ಅದು. ದುರುಗವ್ವ ಎರಡು ವರ್ಷದ ಮಗಳು ಹುಲಿಗೆಮ್ಮಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಹಸಿವು ಮಗುವಿಗೆ ದಾಟಿತು. ಆದರೆ ಮಗು ಗಂಜಿಯ ಚಮಚವನ್ನು ತಾಯಿಯ ಬಾಯಿಯತ್ತ ತಳ್ಳಿತು, ಆಮೇಲೆ ಪಕ್ಕದಲ್ಲಿ ನಿಂತಿದ್ದ ನರ್ಸಿನತ್ತ.

"ನಿನ್ನೆನೂ ಹಿಂಗ ಮಾಡಿತ್ರೀ, ಸಿಸ್ಟರ್."

"ಮನ್ಯಾಗ ನೀ ಯಾವಾಗ ಉಣ್ತಿ?" ನರ್ಸ್ ಕೇಳಿದಳು.

"ಎಲ್ಲಾರ್ದೂ ಆದಮ್ಯಾಲರೀ."

"ನಿನ್ನ ಹಸಿವಿಗೂ ಅದೇ ರೂಢಿ ಆಗೈತಿ. ಕೂಸಿಗೂ ಅದೇ ಹೋಗೈತಿ ನೋಡು." ನರ್ಸ್ ಬಿಸಿ ರೊಟ್ಟಿಯ ತಟ್ಟೆಯನ್ನು ಅವಳ ಮುಂದಿಟ್ಟಳು. "ಮೊದ್ಲ ನೀ ಉಣ್ಣು."

ದುರುಗವ್ವ ಬಾಗಿಲತ್ತ ನೋಡಿದಳು. ಹೊರಗೆ ಕೂತಿದ್ದ ಗಂಡ, ಅತ್ತೆ ಇನ್ನೂ ಉಂಡಿರಲಿಲ್ಲ. ಮಗಳ ಹೊಟ್ಟೆಯ ಮೇಲಿನ ಕೈ ತೆಗೆಯದೆ, ನಾಚುತ್ತಲೇ ಮೊದಲ ತುತ್ತು ಬಾಯಿಗಿಟ್ಟುಕೊಂಡಳು.

ಹುಲಿಗೆಮ್ಮ ಚಮಚ ಕಸಿದುಕೊಂಡಳು.

"ನಂಗ!"